ಗಳಿಕೆಯಲ್ಲೊಂದು ಪಾಲು: ನಿಯಮಿತ ದಾನವನ್ನು ತೃಪ್ತಿಯ ದಾರಿಯಾಗಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಮನೆಗಳಿಗೆ ದಾನ ಹೊಸದಲ್ಲ. ಮಠದ ದಾಸೋಹಕ್ಕೆ ಜೋಳ, ಜಾತ್ರೆಗೆ ರೊಟ್ಟಿ, ಊರ ಶಾಲೆಗೆ ಬೆಂಚು, ಗುಡಿಯ ಕಟ್ಟಡಕ್ಕೆ ಕೈಲಾದ ವಂತಿಗೆ, ಹೀಗೆ ಕೇಳಿದವರಿಗೆ ಇಲ್ಲವೆನ್ನದೆ ಕೊಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ಆದರೂ ಕೇಳಿದಾಗ ಕೊಡುವುದಕ್ಕೂ, ಗಳಿಕೆ ಕೈಸೇರಿದ ದಿನವೇ ಅದರಲ್ಲೊಂದು ಪಾಲನ್ನು ತೆಗೆದಿರಿಸಿ ತಪ್ಪದೆ ಕೊಡುತ್ತ ಹೋಗುವುದಕ್ಕೂ ಮನಸ್ಸಿನ ಮೇಲೆ ಆಗುವ ಪರಿಣಾಮ ಬೇರೆಬೇರೆ. ಮೊದಲನೆಯದರಲ್ಲಿ ಪ್ರತಿ ಸಲವೂ ‘ಕೊಡಲೋ ಬೇಡವೋ, ಎಷ್ಟು ಕೊಡಲಿ’ ಎಂಬ ತಾಕಲಾಟವಿರುತ್ತದೆ. ಕೊಟ್ಟ ಮೇಲೆ ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಕಸಿವಿಸಿ ಉಳಿಯುತ್ತದೆ. ಎರಡನೆಯದರಲ್ಲಿ ತೀರ್ಮಾನ ಒಮ್ಮೆ ಆಗಿಬಿಟ್ಟಿರುತ್ತದೆ. ಆ ತೀರ್ಮಾನದೊಳಗೆ ಇನ್ನೊಂದು ತೀರ್ಮಾನವೂ ಅಡಗಿರುತ್ತದೆ: ಉಳಿದದ್ದು ನಮಗೆ ಸಾಕು ಎಂಬುದು. ನಿಯಮಿತ ದಾನದಿಂದ ಬರುವ ತೃಪ್ತಿಯ ಮೂಲ ಇದೇ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಈ ಬರಹದ ಪ್ರತಿಯೊಂದು ಹೆಜ್ಜೆಯೂ ಈ ‘ಸಾಕು’ ಎಂಬುದನ್ನು ಮನೆಯ ಲೆಕ್ಕದಲ್ಲಿ ನೆಲೆಗೊಳಿಸುವುದಕ್ಕಾಗಿಯೇ ಇದೆ.

ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಜೋಡಿಯಾಗಿಯೇ ಹೇಳಿದರು. ದುಡಿಯದೆ ಕೊಡುವುದಕ್ಕೆ ಅವರು ಬೆಲೆ ಕಟ್ಟಲಿಲ್ಲ, ದುಡಿದು ಕೂಡಿಡುವುದನ್ನೂ ಒಪ್ಪಲಿಲ್ಲ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗ ನಮ್ಮ ಭಾಗದ ಪ್ರವಚನಗಳಲ್ಲಿ ಪದೇ ಪದೇ ಬರುತ್ತದೆ. ಅದರಲ್ಲಿ ನಾವು ಗಮನಿಸಬೇಕಾದದ್ದು ಬಡತನವನ್ನಲ್ಲ. ದಾಸೋಹಕ್ಕೂ ಮನೆಗೂ ಎಷ್ಟು ಬೇಕೆಂಬುದು ಆ ದಂಪತಿಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಹೆಚ್ಚು ಬಂದದ್ದು ಹೆಚ್ಚೆಂದು ಲಕ್ಕಮ್ಮನಿಗೆ ಕೂಡಲೇ ಕಂಡಿತು.

ಈ ವಿಷಯದಲ್ಲಿ ನಮ್ಮ ಕಾಲದ ಸಂಶೋಧಕರೂ ಕೆಲಸ ಮಾಡಿದ್ದಾರೆ. ಎಲಿಜಬೆತ್ ಡನ್, ಲಾರಾ ಅಕ್ನಿನ್ ಮತ್ತು ಮೈಕೆಲ್ ನಾರ್ಟನ್ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆನಡಾದ ಕೆಲವರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು, ಕೆಲವರಿಗೆ ಅದನ್ನು ತಮಗಾಗಿಯೂ ಇನ್ನು ಕೆಲವರಿಗೆ ಬೇರೆಯವರಿಗಾಗಿಯೂ ಸಂಜೆಯೊಳಗೆ ಖರ್ಚು ಮಾಡಲು ಹೇಳಲಾಯಿತು. ಬೇರೆಯವರಿಗಾಗಿ ಖರ್ಚು ಮಾಡಿದವರು ದಿನದ ಕೊನೆಗೆ ಹೆಚ್ಚು ಸಂತೋಷದಲ್ಲಿದ್ದರು. ಕೊಟ್ಟ ಮೊತ್ತ ಐದೋ ಇಪ್ಪತ್ತೋ ಎಂಬುದರಿಂದ ಗಣನೀಯ ವ್ಯತ್ಯಾಸವಾಗಲಿಲ್ಲ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 136 ದೇಶಗಳ ಸಮೀಕ್ಷೆಯನ್ನು ಪರಿಶೀಲಿಸಿ, ಬಡ ದೇಶಗಳಲ್ಲಿಯೂ ಶ್ರೀಮಂತ ದೇಶಗಳಲ್ಲಿಯೂ ದಾನಕ್ಕೂ ನೆಮ್ಮದಿಗೂ ನಂಟಿರುವುದನ್ನು ತೋರಿಸಿತು. ಮುಂದೆ ಹೆಚ್ಚು ಜನರನ್ನು ಸೇರಿಸಿ ನಡೆಸಿದ ಪ್ರಯೋಗಗಳಲ್ಲಿ ಈ ಪರಿಣಾಮ ಮೊದಲು ಕಂಡಷ್ಟು ದೊಡ್ಡದಾಗಿರಲಿಲ್ಲವೆಂಬುದನ್ನೂ ಹೇಳಬೇಕು. ದಾನವು ದುಃಖವನ್ನು ತೊಳೆದುಹಾಕುವ ಔಷಧವಲ್ಲ. ಅದು ಬದುಕಿಗೆ ಕೊಡುವ ಬಲ ಸಣ್ಣದು, ಆದರೆ ನಿಯಮದಿಂದ ನಡೆಸಿದರೆ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವಂಥದು.

ಮೊದಲ ಹೆಜ್ಜೆ: ಸಾಲ ಮತ್ತು ಬಾಕಿಗಳನ್ನು ನೋಡಿಕೊಳ್ಳುವುದು

ಕೈಗಡವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ತಂದವರು ವರ್ಷಕ್ಕೆ ಶೇಕಡ 36ರಷ್ಟು ಬಡ್ಡಿ ತೆರುತ್ತಿರುತ್ತಾರೆ. ಹತ್ತು ಸಾವಿರ ರೂಪಾಯಿಯ ಅಂಥ ಸಾಲಕ್ಕೆ ತಿಂಗಳ ಬಡ್ಡಿಯೇ 300 ರೂಪಾಯಿ. ತಿಂಗಳಿಗೆ 30,000 ರೂಪಾಯಿ ಪಗಾರವಿರುವ ಮನೆ ಶೇಕಡ 1ನ್ನು ದಾನಕ್ಕೆ ತೆಗೆದಿಟ್ಟರೆ ಆಗುವುದೂ ಅಷ್ಟೇ. ಇಂಥ ಸಾಲವಿರುವಾಗ ಆ ಹಣ ಸಾಲದ ಅಸಲಿಗೆ ಹೋಗಬೇಕು. ಮಹಿಳಾ ಸಂಘದ ವಾರದ ಕಂತು ತಪ್ಪಿಸಿ ಕೊಟ್ಟ ದಾನದಿಂದ ಆ ಮನೆಗೆ ನೆಮ್ಮದಿ ಬರುವುದಿಲ್ಲ, ಜಾಮೀನು ನಿಂತ ಸಂಘದ ಉಳಿದ ಹೆಣ್ಣುಮಕ್ಕಳಿಗೂ ತೊಂದರೆಯಾಗುತ್ತದೆ. ಮನೆಕಟ್ಟುವ ಸಾಲ, ಟ್ರ್ಯಾಕ್ಟರ್ ಸಾಲದಂಥ ದೀರ್ಘಾವಧಿಯ ಕಂತುಗಳು ಸರಿಯಾಗಿ ನಡೆಯುತ್ತಿದ್ದರೆ ಅವು ಅಡ್ಡಿಯಲ್ಲ. ಅವು ತೀರಲಿ ಎಂದು ಕಾಯುತ್ತ ಕೂತವರಿಗೆ ಕೊಡುವ ದಿನ ಬಂದೀತೆಂಬ ಭರವಸೆಯಿಲ್ಲ.

ಸಾಲಕ್ಕಿಂತಲೂ ಮುಖ್ಯವಾದ ಒಂದು ಬಾಕಿಯಿದೆ. ಮನೆಗೆಲಸಕ್ಕೆ ಬರುವವರ ಪಗಾರ, ಹೊಲದ ಆಳಿನ ಕೂಲಿ, ಅಂಗಡಿಯ ಹುಡುಗನ ಸಂಬಳ ಇವು ದಾನವಲ್ಲ. ಹಿಂದೆ ಸುಗ್ಗಿಯ ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಬಡಿಗ, ಕಮ್ಮಾರ ಮೊದಲಾದ ಆಯಗಾರರಿಗೆ ಅಳೆದುಕೊಡುತ್ತಿದ್ದ ಕಾಳು ಕೂಡ ಅವರ ವರ್ಷದ ದುಡಿಮೆಯ ಹಕ್ಕಿನ ಪಾಲೇ ಆಗಿತ್ತು. ಅದಾದ ಮೇಲೆ ಕಣಕ್ಕೆ ಬಂದವರಿಗೆ ಮೊರದ ತುಂಬ ಕೊಟ್ಟದ್ದು ದಾನ. ಈ ಎರಡನ್ನು ಬೆರೆಸಬಾರದು. ದುಡಿದವರಿಗೆ ಕಡಿಮೆ ಕೊಟ್ಟು, ಉಳಿಸಿದ ಹಣವನ್ನು ಬೇರೆಡೆ ಕಾಣಿಕೆಯಾಗಿ ಕೊಡುವುದರಲ್ಲಿ ಯಾವ ಪುಣ್ಯವನ್ನೂ ನಾನು ಕಾಣೆ.

ಎರಡನೆಯ ಹೆಜ್ಜೆ: ಪಾಲನ್ನು ಗೊತ್ತುಮಾಡುವುದು

ಮೊತ್ತವನ್ನಲ್ಲ, ಪಾಲನ್ನು ಗೊತ್ತುಮಾಡಿ. ತಿಂಗಳಿಗೆ 500 ಎಂದು ಕಟ್ಟಿಹಾಕಿಕೊಂಡರೆ ಗಳಿಕೆ ಇಳಿದಾಗ ಅದು ಭಾರವಾಗುತ್ತದೆ, ಏರಿದಾಗ ಹಗುರವಾಗಿ ಮರೆತೇ ಹೋಗುತ್ತದೆ. ಪಾಲಾದರೆ ಗಳಿಕೆಯ ಜೊತೆಗೇ ಏರಿಳಿಯುತ್ತದೆ. ನಮ್ಮ ನೆರೆಹೊರೆಯ ಧರ್ಮಗಳಲ್ಲಿ ಇದಕ್ಕೆ ಮಾದರಿಗಳಿವೆ. ಕ್ರೈಸ್ತರಲ್ಲಿ ಹತ್ತರಲ್ಲೊಂದು ಭಾಗವನ್ನು ಕೊಡುವ ದಶಮಾಂಶದ ಪದ್ಧತಿಯಿದೆ. ಮುಸ್ಲಿಮರ ಝಕಾತ್ ಶೇಕಡ 2.5ರ ಲೆಕ್ಕದ್ದು, ಆದರೆ ಅದು ತಿಂಗಳ ಆದಾಯದ ಮೇಲಲ್ಲ, ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಾಗಿ ಒಂದು ಚಾಂದ್ರಮಾನ ವರ್ಷ ತಮ್ಮಲ್ಲಿ ಉಳಿದ ಹಣ, ಬಂಗಾರ ಮುಂತಾದ ಸಂಪತ್ತಿನ ಮೇಲೆ ಕಡ್ಡಾಯವಾಗಿ ಕೊಡುವಂಥದು. ಇಂಥ ಕಟ್ಟಳೆ ಇರುವವರು ಅದನ್ನೇ ಆಧಾರವಾಗಿಟ್ಟುಕೊಳ್ಳಲಿ. ಇಲ್ಲದವರು ಶೇಕಡ 1ರಿಂದ ಆರಂಭಿಸಿ, ಪ್ರತಿ ಯುಗಾದಿಗೆ ಅರ್ಧ ಶೇಕಡದಂತೆ ಏರಿಸುವುದು ಒಳ್ಳೆಯದು. ಮೊದಲ ತಿಂಗಳಲ್ಲೇ ಉತ್ಸಾಹದಿಂದ ಹತ್ತರಲ್ಲೊಂದು ಭಾಗ ಕೊಟ್ಟು ಮೂರನೆಯ ತಿಂಗಳಿಗೆ ಕೈಬಿಡುವುದಕ್ಕಿಂತ, ಮನೆಗೆ ತಾಕದಷ್ಟು ಸಣ್ಣದಾಗಿ ಶುರುಮಾಡಿ ಬಿಡದೆ ನಡೆಸುವುದು ಮೇಲು.

ಪಗಾರದವರಿಗೆ ಲೆಕ್ಕ ಸುಲಭ. ಒಕ್ಕಲುತನದವರಿಗೆ ಹಾಗಲ್ಲ, ಏಕೆಂದರೆ ಗಳಿಕೆ ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ: ಮುಂಗಾರಿನ ಹೆಸರು ಬಂದಾಗ ಒಮ್ಮೆ, ಹತ್ತಿ ಬಿಡಿಸಿದಾಗ ಒಮ್ಮೆ, ಹಿಂಗಾರಿನ ಜೋಳ-ಕಡಲೆಗೆ ಇನ್ನೊಮ್ಮೆ, ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ. ಇಂಥವರು ದಲಾಲಿ ಅಂಗಡಿಯಲ್ಲಿ ಕೊಡುವ ಪಟ್ಟಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಆರು ಕ್ವಿಂಟಲ್ ಹೆಸರು ಕ್ವಿಂಟಲ್‌ಗೆ 7,500ರಂತೆ ಮಾರಾಟವಾಯಿತೆಂದುಕೊಳ್ಳಿ. ಪಟ್ಟಿಯ ಮೊತ್ತ 45,000. ಬೀಜ, ಗೊಬ್ಬರ, ಕಳೆ ತೆಗೆದ ಕೂಲಿ, ರಾಶಿ ಯಂತ್ರದ ಬಾಡಿಗೆ, ಹಮಾಲಿ, ವಾಹನದ ಬಾಡಿಗೆ ಎಲ್ಲ ಸೇರಿ 21,000 ಆಗಿದ್ದರೆ ಕೈಯಲ್ಲಿ ಉಳಿಯುವುದು 24,000. ಶೇಕಡ 2ರ ಪಾಲು 480 ರೂಪಾಯಿ. ಈ ಲೆಕ್ಕವನ್ನು ಪಟ್ಟಿಯ ಹಿಂಬದಿಗೆ ಪೆನ್ನಿನಿಂದ ಬರೆದು, ಮಾರ್ಕೆಟ್ಟಿನಿಂದ ಹೊರಡುವ ಮೊದಲೇ ಆ 480ನ್ನು ಬೇರೆ ಕಿಸೆಗೆ ಹಾಕಿಕೊಳ್ಳಿ. ಹೀಗೆ ಮಾಡುವುದರ ಇನ್ನೊಂದು ಪ್ರಯೋಜನವೆಂದರೆ, ಬೆಳೆಯ ನಿಜವಾದ ಉಳಿತಾಯ ಎಷ್ಟೆಂಬುದು ಬಹಳ ಜನರಿಗೆ ಆಗಲೇ ಮೊದಲ ಸಲ ತಿಳಿಯುತ್ತದೆ.

ಮಳೆ ಕೈಕೊಟ್ಟ ವರ್ಷ, 2023ರ ಬರದಂಥ ವರ್ಷದಲ್ಲಿ, ಖರ್ಚು ಕಳೆದರೆ ಏನೂ ಉಳಿಯದಿರಬಹುದು. ಏನೂ ಇಲ್ಲದ್ದರ ಪಾಲು ಏನೂ ಇಲ್ಲ. ಅದಕ್ಕಾಗಿ ನೊಂದುಕೊಳ್ಳಬೇಕಿಲ್ಲ, ಸಾಲ ಮಾಡಿ ಕೊಡುವುದಂತೂ ಬೇಡವೇ ಬೇಡ. ಅಂಥ ವರ್ಷಕ್ಕೆ ನಮ್ಮ ಹಿರಿಯ ಹೆಣ್ಣುಮಕ್ಕಳು ಒಂದು ಉಪಾಯ ಕಂಡುಕೊಂಡಿದ್ದರು. ಬೀಸಲು ಜೋಳ ತೆಗೆಯುವಾಗ ಒಂದು ಹಿಡಿಯನ್ನು ಮರಳಿ ಬೇರೆ ಗಡಿಗೆಗೆ ಹಾಕುವುದು. ಗಡಿಗೆ ತುಂಬಿದಾಗ ಅದು ವಿದ್ಯಾರ್ಥಿಗಳ ಪ್ರಸಾದ ನಿಲಯಕ್ಕೋ ದಾಸೋಹಕ್ಕೋ ಹೋಗುತ್ತಿತ್ತು. ನಮ್ಮ ಅವ್ವನೂ ಹೀಗೆಯೇ ಮಾಡುತ್ತಿದ್ದಳು. ಅವಳು ಮೊದಲು ಮನೆಗೆ ಬೇಕಾದಷ್ಟನ್ನು ಚಟ್ಟಿಗೆಯಲ್ಲಿ ಅಳೆದುಕೊಂಡು, ಆ ಅಳತೆಯಿಂದಲೇ ಹಿಡಿ ತೆಗೆಯುತ್ತಿದ್ದಳೇ ಹೊರತು ಚೀಲದಿಂದಲ್ಲ. ಚೀಲದಿಂದ ತೆಗೆದರೆ ಮನೆಯವರ ಊಟಕ್ಕೆ ಅದು ತಾಕುವುದಿಲ್ಲ. ಅಳೆದದ್ದರಿಂದ ತೆಗೆದರೆ ಅರ್ಧ ರೊಟ್ಟಿ ಕಡಿಮೆಯಾಗುತ್ತದೆ, ಹಂಚಿಕೊಂಡೆವೆಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಮನೆಯವರೊಡನೆ ಮಾತಾಡುವುದು

ಗಂಡ ಹೆಂಡತಿಗೆ ಹೇಳದೆ, ಹೆಂಡತಿ ಗಂಡನಿಗೆ ಹೇಳದೆ ಕೊಟ್ಟ ದಾನ ಒಂದಲ್ಲ ಒಂದು ದಿನ ಜಗಳಕ್ಕೆ ಕಾರಣವಾಗುತ್ತದೆ. ಪಾಲು ಎಷ್ಟು, ಯಾರಿಗೆ ಎಂಬುದನ್ನು ಇಬ್ಬರೂ ಕೂತು ನಿರ್ಧರಿಸಬೇಕು. ದುಡಿಯುವ ಮಕ್ಕಳಿದ್ದರೆ ಅವರೂ ಸೇರಲಿ. ಮನೆಯ ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೆ ಪಾಲನ್ನು ಇಳಿಸಿಯಾದರೂ ಒಮ್ಮತಕ್ಕೆ ಬರುವುದು ಲೇಸು.

ನಾಲ್ಕನೆಯ ಹೆಜ್ಜೆ: ಮೊದಲ ದಿನವೇ ತೆಗೆದಿಡುವುದು

ತಿಂಗಳ ಕೊನೆಗೆ ಉಳಿದರೆ ಕೊಡೋಣವೆಂದರೆ ಉಳಿಯುವುದಿಲ್ಲ. ಪಗಾರ ಜಮೆಯಾದ ದಿನವೇ ಪಾಲು ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ, ಅಥವಾ ದೇವರ ಜಗಲಿಯ ಮೇಲಿನ ಡಬ್ಬಿಗೆ ಹಾಕಿ. ಸಣ್ಣ ಹಣವನ್ನು ಕೂಡಿಸಿ ದೊಡ್ಡ ಕೆಲಸ ಮಾಡುವುದನ್ನು ಈ ಭಾಗದ ಜನರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದ್ದು ಇದೇ ತಿಳಿವಳಿಕೆಯ ಮೇಲೆ. ನಾಲ್ಕೈದು ಮನೆಗಳವರು ತಮ್ಮ ಪಾಲುಗಳನ್ನು ಒಟ್ಟುಗೂಡಿಸಿದರೆ ಒಬ್ಬ ವಿದ್ಯಾರ್ಥಿಯ ವರ್ಷದ ಶುಲ್ಕವನ್ನು ಪೂರ್ತಿಯಾಗಿ ಹೊರಬಹುದು. ಹಾಗೆ ಕೂಡಿಸಿದಾಗ ಲೆಕ್ಕ ಬರೆಯುವವರು ಒಬ್ಬರು, ಹಣ ಇಡುವವರು ಇನ್ನೊಬ್ಬರು ಇರಲಿ.

ಐದನೆಯ ಹೆಜ್ಜೆ: ಯಾರಿಗೆ ಕೊಡಬೇಕೆಂದು ಆಯ್ದುಕೊಳ್ಳುವುದು

ತೃಪ್ತಿಯ ಹೆಚ್ಚಿನ ಭಾಗ ಇರುವುದು ಈ ಆಯ್ಕೆಯಲ್ಲಿ. ಕೊಟ್ಟದ್ದರಿಂದ ಏನಾಯಿತೆಂಬುದು ಕಣ್ಣಿಗೆ ಕಂಡಾಗ ಕೊಟ್ಟವರ ಸಂತೋಷ ಹೆಚ್ಚುತ್ತದೆಂದು ಸಂಶೋಧನೆಗಳೂ ಹೇಳುತ್ತವೆ. ದೊಡ್ಡ ಸಂಸ್ಥೆಯ ಸಾಮಾನ್ಯ ನಿಧಿಗಿಂತ, ಸೊಳ್ಳೆಪರದೆ ಹಂಚುವಂಥ ಒಂದು ಸ್ಪಷ್ಟ ಕೆಲಸಕ್ಕೆ ಕೊಟ್ಟವರಲ್ಲಿ ಈ ಸಂತೋಷ ಎದ್ದು ಕಂಡಿತ್ತು. ಆದ್ದರಿಂದ ಹತ್ತು ಕಡೆ ಚಿಲ್ಲರೆಯಾಗಿ ಹಂಚದೆ ಎರಡು ಅಥವಾ ಮೂರು ಕಡೆಗೆ ಮಾತ್ರ ಕೊಡಿ, ಅವುಗಳಲ್ಲಿ ಒಂದಾದರೂ ನೀವು ಹೋಗಿ ನೋಡಬಹುದಾದಷ್ಟು ಹತ್ತಿರದಲ್ಲಿರಲಿ.

ಹತ್ತಿರದಲ್ಲಿ ಇಂಥ ಜಾಗಗಳಿಗೆ ಕೊರತೆಯಿಲ್ಲ. ಹಾನಗಲ್ ತಾಲೂಕಿನಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಗದುಗಿನಲ್ಲಿ ನೆಲೆಗೊಳಿಸಿದ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಮ್ಮ ಕೊನೆಯುಸಿರಿನವರೆಗೂ ಅಂಧ ಮಕ್ಕಳಿಗೆ ಅನ್ನ, ವಸತಿ, ಸಂಗೀತ ವಿದ್ಯೆ ಮೂರನ್ನೂ ಕೊಡುತ್ತ ಅದನ್ನು ನಡೆಸಿದರು. ಅದನ್ನು ಹೊತ್ತದ್ದು ನಾಟಕ ಕಂಪನಿಯ ಗಳಿಕೆ ಮತ್ತು ಸಾಮಾನ್ಯ ಜನರ ಕಾಣಿಕೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಇವುಗಳ ಜೊತೆಗೆ, ಯಾರ ಗಮನಕ್ಕೂ ಬಾರದ ಜಾಗಗಳೆಂದರೆ ನಿಮ್ಮದೇ ಊರಿನ ಸರ್ಕಾರಿ ಶಾಲೆ ಮತ್ತು ಆಸ್ಪತ್ರೆ. ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಬರುವ ರೋಗಿಗೆ ಒಳಗೆ ಹಾಸಿಗೆ ಸಿಕ್ಕೀತು, ಊಟವೂ ಸಿಕ್ಕೀತು. ಜೊತೆಗೆ ಬಂದ ತಾಯಿಗೆ ಊಟ, ಮರಳಿ ಊರಿಗೆ ಹೋಗಲು ಬಸ್ ಚಾರ್ಜು ಇರುವುದಿಲ್ಲ. ಈ ಸಣ್ಣ ಕೊರತೆಗಳನ್ನು ತುಂಬುವವರು ಕಡಿಮೆ.

ಪರಿಚಿತ ಮನೆಗೆ ನೆರವಾಗುವುದು ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ. ತೆಗೆದುಕೊಂಡವರ ತಲೆ ತಗ್ಗಬಾರದು. ಮರುದಿನ ಓಣಿಯಲ್ಲಿ ಎದುರಾದಾಗ ಅವರು ಮುಖ ತಿರುಗಿಸಿ ಹೋಗುವಂತಾದರೆ ಕೊಟ್ಟದ್ದರಲ್ಲಿ ಏನೋ ತಪ್ಪಿದೆ. ನನಗೆ ಗೊತ್ತಿರುವ ಒಬ್ಬ ಹಿರಿಯ ಹೆಣ್ಣುಮಗಳು ತಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬಾಕೆಗೆ ಹಣ ಕೊಡಲಿಲ್ಲ. ಅವರು ನೇರವಾಗಿ ಕಿರಾಣಿ ಅಂಗಡಿಗೆ ಹೋದರು. ಅಂಗಡಿಯವರು ಉದ್ರಿ ಪುಸ್ತಕ ತೆಗೆದು ಆ ಮನೆಯ ಪುಟ ತೋರಿಸಿದಾಗ, ಎಣ್ಣೆ, ಸಕ್ಕರೆ, ಚಹಾಪುಡಿ ಎಂದು ಸಾಲಾಗಿ ಬರೆದದ್ದರ ಕೆಳಗೆ ಅರ್ಧ ಮೊತ್ತವನ್ನು ಜಮೆ ಮಾಡಿಸಿ, “ಅರ್ಧಾ ಅಷ್ಟ ಕಳೀರಿ. ಪೂರ್ತಿ ಚುಕ್ತಾ ಮಾಡಿದ್ರ ಆಕಿಗೆ ಯಾರೋ ಕೊಟ್ಟಾರಂತ ಗೊತ್ತಾಕ್ಕೈತಿ. ಕೇಳಿದ್ರ, ಹಳೇ ಲೆಕ್ಕದಾಗ ಹೆಚ್ಚು ಬಂದಿತ್ತು, ಮುರದೀನಿ ಅಂತ ಹೇಳ್ರಿ” ಎಂದರು. ಶಾಲೆಯ ಶುಲ್ಕವನ್ನೂ ಹೀಗೆಯೇ ಕಚೇರಿಯಲ್ಲಿ ನೇರವಾಗಿ ಕಟ್ಟಬಹುದು, ಔಷಧದ ಬಿಲ್ಲನ್ನು ಅಂಗಡಿಯಲ್ಲಿ ತೀರಿಸಬಹುದು. ಕೊಡುವಾಗ ಫೋಟೋ ತೆಗೆಯುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಟ್‌ಬುಕ್ ಹಿಡಿಸುವುದು ಇವನ್ನು ಬಿಟ್ಟುಬಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸಂಸ್ಥೆಗೆ ಕೊಡುವಾಗ ಒಮ್ಮೆ ಹೋಗಿ ನೋಡಿ, ಅಡುಗೆಮನೆಯನ್ನೂ ಹಾಜರಿ ಪುಸ್ತಕವನ್ನೂ ನೋಡಲು ಬಿಡುತ್ತಾರೆಯೇ ಎಂದು ಗಮನಿಸಿ, ರಸೀದಿ ಕೇಳಿ, ಕಳೆದ ವರ್ಷದ ಲೆಕ್ಕಪತ್ರ ಕೇಳಿ. ಕೇಳಿದ್ದಕ್ಕೆ ಬೇಸರಿಸಿಕೊಳ್ಳುವ ಸಂಸ್ಥೆಗೆ ಕೊಡದಿರುವುದೇ ಒಳ್ಳೆಯದು. ವಾಟ್ಸಾಪ್‌ನಲ್ಲಿ ಬರುವ ಆಸ್ಪತ್ರೆಯ ಮಗುವಿನ ಚಿತ್ರ, ಕ್ಯೂಆರ್ ಕೋಡ್ ನೋಡಿದ ಕೂಡಲೇ ಹಣ ಹಾಕಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡು, ಸಾಧ್ಯವಾದರೆ ರೋಗಿಯ ಖಾತೆಗೆ ಆಸ್ಪತ್ರೆಯಲ್ಲಿಯೇ ಕಟ್ಟಿ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ಪ್ರಕಾರ ಮಾನ್ಯತೆಯಿದ್ದ ಸಂಸ್ಥೆಗೆ ಕೊಟ್ಟ ಹಣಕ್ಕೆ ರಿಯಾಯಿತಿ ಸಿಗುತ್ತಿದ್ದದ್ದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟಿರದಿದ್ದರೆ. ಈಗಿನ ನಿಯಮವನ್ನು ನಿಮ್ಮ ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಕೊಳ್ಳಿ.

ವಿಪತ್ತಿನ ಕಾಲದಲ್ಲಿ ಸಾಮಾನಿಗಿಂತ ಹಣ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಮೊದಲಾದ ಊರುಗಳಿಗೆ ನೀರು ನುಗ್ಗಿದಾಗ ಊರೂರುಗಳಿಂದ ರೊಟ್ಟಿ, ಚಟ್ನಿಯ ಗಂಟುಗಳು ಹೋದವು. ಮೊದಲ ದಿನಗಳಲ್ಲಿ ಆ ರೊಟ್ಟಿ ಜೀವ ಉಳಿಸುವಂಥದ್ದೇ. ಆದರೆ ನೀರು ಇಳಿದ ಮೇಲೆ ಬೇಕಾಗುವುದು ಹಂಚು, ಬಿತ್ತನೆ ಬೀಜ, ಮಕ್ಕಳ ಪುಸ್ತಕ, ಸತ್ತ ದನಕ್ಕೆ ಬದಲು ದನ. ಆ ಹೊತ್ತಿಗೆ ಕೊಡುವವರ ಉತ್ಸಾಹ ಇಳಿದಿರುತ್ತದೆ. ನಿಯಮವಾಗಿ ಪಾಲು ತೆಗೆದಿಟ್ಟವರ ಡಬ್ಬಿಯಲ್ಲಿ ಆಗಲೂ ಹಣವಿರುತ್ತದೆ. ಅದರ ಕಾಲುಭಾಗವನ್ನು ಇಂಥ ಹೊತ್ತಿಗೆಂದೇ ಮುಟ್ಟದೆ ಇಡಿ.

ಆರನೆಯ ಹೆಜ್ಜೆ: ಒತ್ತಾಯದ ವಂತಿಗೆಯನ್ನು ಬೇರೆ ಇಡುವುದು

ಗಣೇಶೋತ್ಸವ, ಜಾತ್ರೆ, ಸನ್ಮಾನ ಎಂದು ಪಟ್ಟಿ ಎತ್ತಲು ಬಂದವರಿಗೆ ಕೊಡುವುದು ಓಣಿಯ ಬಾಳ್ವೆಯ ಖರ್ಚು. ಅದನ್ನು ಕೊಡಬೇಕು, ಆದರೆ ದಾನದ ಪಾಲಿನಿಂದಲ್ಲ, ಮನೆಖರ್ಚಿನಿಂದ. ಸ್ವಂತ ಮನಸ್ಸಿನಿಂದ ಕೊಟ್ಟಾಗ ಬರುವ ನೆಮ್ಮದಿ ಮುಲಾಜಿಗೆ ಕೊಟ್ಟಾಗ ಬರುವುದಿಲ್ಲ. ಎರಡನ್ನೂ ಒಂದೇ ಡಬ್ಬಿಯಿಂದ ತೆಗೆದರೆ ಕ್ರಮೇಣ ದಾನವೆಂದರೇ ಬೇಸರ ಹುಟ್ಟುತ್ತದೆ. ‘ಈ ವರ್ಷದ್ದು ಆಗಲೇ ಗೊತ್ತುಮಾಡೀವ್ರಿ, ಮುಂದಿನ ವರ್ಷ ನೋಡೋಣ’ ಎಂದು ಹೇಳುವ ಧೈರ್ಯವನ್ನು ನಿಯಮವೇ ಕೊಡುತ್ತದೆ.

ಹೆಸರಿನ ವಿಷಯವೂ ಇಲ್ಲಿಯೇ ಬರುತ್ತದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರು 1007ರ ಶಾಸನದಲ್ಲಿದೆ. ದಾನಚಿಂತಾಮಣಿಯೆಂದು ಕನ್ನಡನಾಡು ಅವಳನ್ನು ಸಾವಿರ ವರ್ಷ ನೆನೆದಿದೆ. ಹೆಸರು ಬರೆಸುವುದೇ ದೋಷವೆಂದು ನಾನು ಹೇಳಲಾರೆ, ಏಕೆಂದರೆ ಒಬ್ಬರ ಹೆಸರು ನೋಡಿ ಇನ್ನೊಬ್ಬರು ಕೊಡಲು ಮುಂದಾಗುವುದುಂಟು. ಆದರೆ ಹೆಸರಿಗಾಗಿ ಕೊಟ್ಟವರು ಪಕ್ಕದವರ ಹೆಸರು ತಮ್ಮದಕ್ಕಿಂತ ಮೇಲಿದೆಯೇ ಎಂದು ನೋಡತೊಡಗುತ್ತಾರೆ, ಆಗ ತೃಪ್ತಿ ಹೊರಟುಹೋಗುತ್ತದೆ. ಮೊದಲ ಎರಡು ಮೂರು ವರ್ಷವಾದರೂ ಹೆಸರಿಲ್ಲದೆ ಕೊಟ್ಟು ನೋಡಿ.

ಏಳನೆಯ ಹೆಜ್ಜೆ: ಬರೆದಿಡುವುದು, ಕಾಯುವುದು, ಯುಗಾದಿಗೆ ಪರಿಶೀಲಿಸುವುದು

ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ, ಮೊತ್ತ, ಯಾರಿಗೆ, ಅದರಿಂದ ಏನಾಯಿತು ಎಂದು ನಾಲ್ಕು ಕಾಲಂ ಮಾಡಿ. ಕೊನೆಯ ಕಾಲಂ ತಿಂಗಳುಗಟ್ಟಲೆ ಖಾಲಿ ಇರಬಹುದು, ಇರಲಿ. ಮೊದಲ ಕೆಲವು ತಿಂಗಳು ತೃಪ್ತಿಗಿಂತ ಹೆಚ್ಚಾಗಿ ಹಣ ಕಡಿಮೆಯಾದ ಭಾವವೇ ಇರುತ್ತದೆ. ಅದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬಾರದು. ಬದಲಾವಣೆ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ: ಹಬ್ಬದ ಬಟ್ಟೆಯ ಖರೀದಿ ಬೇಗ ಮುಗಿಯುತ್ತದೆ, ನೆಂಟರ ಹೊಸ ಗಾಡಿ ನೋಡಿದಾಗ ಮೊದಲಿನಷ್ಟು ಕುದಿಯುವುದಿಲ್ಲ, ಪಗಾರ ಏರಿದ ಸುದ್ದಿ ಬಂದಾಗ ಡಬ್ಬಿಯ ಪಾಲು ಎಷ್ಟಾಯಿತೆಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ವರ್ಷ ಕಳೆದರೂ ಇಂಥದ್ದೇನೂ ಕಾಣದಿದ್ದರೆ ಪಾಲು ಅತಿಯಾಗಿದೆಯೋ, ಕೊಡುವ ಜಾಗ ಕಣ್ಣಿಗೆ ದೂರವಾಗಿದೆಯೋ, ಮುಲಾಜು ಒಳಗೆ ಸೇರಿದೆಯೋ ಎಂದು ನೋಡಿ.

ಯುಗಾದಿಯಂದು ಬೇವು-ಬೆಲ್ಲವಾದ ಮೇಲೆ ಮನೆಯವರೆಲ್ಲ ಸೇರಿ ಈ ನೋಟ್‌ಬುಕ್ ತೆರೆಯಿರಿ. ಪಾಲನ್ನು ಅರ್ಧ ಶೇಕಡ ಏರಿಸಲು ಆಗುತ್ತದೆಯೇ, ಹಾಗೆಯೇ ಇಡಬೇಕೇ, ಆಸ್ಪತ್ರೆಯ ಖರ್ಚು ಬಂದಿದ್ದರೆ ಇಳಿಸಬೇಕೇ ಎಂದು ನಿರ್ಧರಿಸಿ. ಇಳಿಸುವುದಾದರೆ ಎಷ್ಟು ತಿಂಗಳಿಗೆ ಎಂಬುದನ್ನೂ ಬರೆದಿಡಿ. ನೀವು ಶುಲ್ಕ ಕಟ್ಟುತ್ತಿದ್ದ ಹುಡುಗಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದರೆ, ಆ ಹಣ ಸದ್ದಿಲ್ಲದೆ ಮನೆಖರ್ಚಿನಲ್ಲಿ ಕರಗುವ ಮುಂಚೆ ಅದೇ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು, ಮುಂದಿನ ಜೂನ್‌ಗೆ ಇನ್ನಾರಿಗೆ ಅಗತ್ಯವಿದೆಯೆಂದು ವಿಚಾರಿಸಿ ಬನ್ನಿ.